ಕೆಂಚಪ್ಪನ ಗಾಡಿಯ ಕಮಟು

ಬಿಳಿಗೆರೆಯ ರಂಗನಾಥ್ ಬಸ್ಸಿನಲ್ಲಿ ಕೂರುವ ಮುಂಚೆ ಸೀಟು ಒರೆಸುತ್ತಾನೆ. ಒರೆಸಿದ ಕರವಸ್ತ್ರವನ್ನು ಕೊಳೆಯಾದ ಮಗ್ಗುಲು ಒಳಗಾಗುವಂತೆ ಮಡಚಿ ಎಡಜೇಬಿಗೆ ಹಾಕುತ್ತಾನೆ. ಬಲಜೇಬಿನಲ್ಲಿ ಮುಖಕ್ಕೆಂದು ಇನ್ನೊಂದು ಇರುತ್ತದೆ. ತಿಪಟೂರಿನಲ್ಲಿ ಅವನದೊಂದು ಜೆರಾಕ್ಸ್ ಅಂಗಡಿ. ಗಿರಾಕಿಗಳು ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರೆ ಅವನು ಆ ಹಾಳೆಯನ್ನು ಉಗುರಿನ ತುದಿಯಲ್ಲಿ ಹಿಡಿದು ತೆಗೆದುಕೊಳ್ಳುತ್ತಾನೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ಸಾರನ್ನು ಸೊರಸೊರ ಎಳೆದರೆ ಮಜ್ಜಿಗೆಗೆ ಕಾಯದೆ ಎದ್ದುಬಿಡುತ್ತಾನೆ. ಐವತ್ತು ದಾಟಿದ, ಯಾರಿಗೂ ಕೇಡು ಬಯಸದ, ತೋಟವನ್ನೂ ಅಂಗಡಿಯನ್ನೂ ಅಚ್ಚುಕಟ್ಟಾಗಿ ನೋಡಿಕೊಂಡಿರುವ ಮನುಷ್ಯ. ಊರಿನವರು ಬೆನ್ನ ಹಿಂದೆ ಅವನನ್ನು ಸೋಪು ರಂಗಣ್ಣ ಎನ್ನುತ್ತಾರೆ. ಅದು ಅವನಿಗೂ ಗೊತ್ತು.

ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಇಂಥ ಮೂಗು ಇರಬಾರದಿತ್ತು. ಇಲ್ಲಿ ಕಾಯಿಯನ್ನು ಸುಮಾರು ಒಂದು ವರ್ಷ ಅಟ್ಟದ ಮೇಲೆ ಕೂಡಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ತನಕ ಕಾಯಬೇಕು. ಅಷ್ಟರಲ್ಲಿ ಕೆಲವು ಕೊಳೆಯುತ್ತವೆ. ಕೊಳೆತ ಕಾಯಿ ಒಡೆದಾಗ ಬರುವ ವಾಸನೆಗೆ ಅಂಗಳದ ನಾಯಿಯೂ ಎದ್ದು ದೂರ ಹೋಗಿ ಮಲಗುತ್ತದೆ. ಹುಡುಗನಾಗಿದ್ದಾಗ ರಂಗನಾಥನ ಹಾಸಿಗೆ ಅಟ್ಟದ ಕೆಳಗೇ ಇತ್ತು. ಒಂದು ಬೆಳಗ್ಗೆ ಕೆನ್ನೆಯ ಮೇಲೆ ಅಂಟಂಟಾದ ಹನಿಯೊಂದು ಬಿದ್ದಿದ್ದನ್ನು ಒರೆಸಿಕೊಂಡು, ಬೆರಳು ಮೂಸಿ ನೋಡಿ, ಅವನು ಅಂದು ಇಡೀ ದಿನ ಏನೂ ತಿಂದಿರಲಿಲ್ಲ.

ಆದರೆ ಅಟ್ಟಕ್ಕಿಂತ ಹೆಚ್ಚಾಗಿ ಅವನು ಹೇಸಿದ್ದು ಅಪ್ಪನ ಗಾಡಿಗೆ.

ಅಪ್ಪ ಕೆಂಚಪ್ಪನದು ರಾಜದೂತ್. ಪೆಟ್ರೋಲಿನ ಜೊತೆಗೇ ಎಂಜಿನ್ ಎಣ್ಣೆ ಬೆರೆಸಿ ಓಡಿಸಬೇಕಾದ ಹಳೆಯ ಕಾಲದ ಬೈಕು. ಅದಕ್ಕೆಂದೇ ಬಂಕಿನಲ್ಲಿ ಬೇರೆ ಎಣ್ಣೆ ಸಿಗುತ್ತದೆ. ಯಾವಾಗಲೋ ಒಮ್ಮೆ ಅದು ಸಿಗದೆ ಹೋದಾಗ ಕೆಂಚಪ್ಪ ಮನೆಯ ಕೊಬ್ಬರಿ ಎಣ್ಣೆಯನ್ನೇ ಹುಯ್ದು ನೋಡಿದ. ಗಾಡಿ ಓಡಿತು. ಅಂದಿನಿಂದ ಅವನು ಬಂಕಿನ ಎಣ್ಣೆ ಮುಟ್ಟಲಿಲ್ಲ.

"ನಮ್ ತೋಟದ್ ಎಣ್ಣೆ ತಲೆಗಾಯ್ತದೆ, ದೋಸೆಗಾಯ್ತದೆ, ಗಾಡಿಗ್ಯಾಕಾಗಲ್ಲ?" ಎಂದು ಕೇಳಿದವರನ್ನೇ ಕೇಳುತ್ತಿದ್ದ.

ಗಾಣದ ತಳದಲ್ಲಿ ಉಳಿದ ಗಸಿ, ಮಾರಲಾಗದೆ ಮುಗ್ಗಿದ ಕೊಬ್ಬರಿಯ ಎಣ್ಣೆ, ಎಲ್ಲವೂ ಆ ಟ್ಯಾಂಕಿಗೆ. ಗಾಡಿ ಹಾದುಹೋದ ಮೇಲೂ ಹಾದಿಯಲ್ಲಿ ಬಿಳಿ ಹೊಗೆ ನಿಂತಿರುತ್ತಿತ್ತು. ತಿಂಗಳುಗಟ್ಟಲೆ ತೊಳೆಯದ ಬಾಣಲೆಯಲ್ಲಿ ಹಪ್ಪಳ ಕರಿದ ವಾಸನೆ. ಕೆಂಚಪ್ಪನ ಅಂಗಿ, ಅವನ ತಲೆ, ಸಂತೆಯಿಂದ ಅವನು ತರುತ್ತಿದ್ದ ಖಾರದ ಪೊಟ್ಟಣ, ಎಲ್ಲಕ್ಕೂ ಅದೇ ಕಮಟು. ಪೆಟ್ರೋಲ್ ಪೈಪು ಕಟ್ಟಿಕೊಂಡರೆ ಬಾಯಿಟ್ಟು ಎಳೆಯುತ್ತಿದ್ದ, ಪಿಚಕ್ಕೆಂದು ಉಗಿಯುತ್ತಿದ್ದ. ಆಮೇಲೆ ಅದೇ ಹಲ್ಲಿನಿಂದ ಕಬ್ಬು ಸಿಗಿದು ಮಗನ ಕೈಗಿಡುತ್ತಿದ್ದ. ಮಗ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ಹೋಗಿ ಎಮ್ಮೆಗೆ ಹಾಕುತ್ತಿದ್ದ.

ಕಾಲಿನ ಶಕ್ತಿ ಕುಂದಿದ ಮೇಲೆ ಕೆಂಚಪ್ಪ ಗಾಡಿಯನ್ನು ಕೊಟ್ಟಿಗೆಯ ಮೂಲೆಗೆ ನಿಲ್ಲಿಸಿದ. ಹೋದ ವರ್ಷ ಆಷಾಢದಲ್ಲಿ ತೀರಿಕೊಂಡ. ಮನೆ ಮೊದಲೇ ಎರಡು ಪಾಲಾಗಿತ್ತು. ಕೊಟ್ಟಿಗೆ ಕಿರಿಯ ಮಗ ಗಂಗಾಧರನ ಪಾಲಿಗೆ ಬಂದಿತ್ತು, ಗಾಡಿಯನ್ನು ಮಾತ್ರ ಯಾರೂ ಹಂಚಿಕೊಂಡಿರಲಿಲ್ಲ. ಗಂಗಾಧರನಿಗೆ ಕಾಯಿ ಸುಲಿದ ಮಟ್ಟೆ ಒಟ್ಟಲು ಜಾಗ ಬೇಕಿತ್ತು. ಗುಜರಿಯವನನ್ನು ಕರೆಸಿ ತೋರಿಸಿಯೂ ಇದ್ದ.

ಈ ವರ್ಷ ಶ್ರಾವಣ ಹುಟ್ಟಿದ ಮೇಲೆ ಒಂದು ದಿನ ತಾಯಿ ಚಿಕ್ಕಗೌರಮ್ಮ ಹಿರಿಯ ಮಗನ ಮುಂದೆ ಬಂದು ಕುಳಿತಳು. ಅವಳಿರುವುದು ರಂಗನಾಥನ ಜೊತೆಗೇ.

"ಈ ಸಲ ಮಾಲಯ ಅಮಾಸೆಗೆ ನಿಮ್ಮಪ್ಪಂಗೆ ಎಡೆ ಇಕ್ಬೇಕು ಕಣಪ್ಪ. ವರ್ಷ ತುಂಬ್ತಲ್ಲ, ಇದೇ ಮೊದ್ಲನೇದು."

"ಇಕ್ಕೋಣ ಬುಡವ್ವ."

"ಆ ಗಾಡಿ ಒಂದಪ ಸದ್ದು ಮಾಡಂಗೆ ಮಾಡ್ಸು."

ರಂಗನಾಥ್ ನಕ್ಕ. ಅವಳು ನಗಲಿಲ್ಲ. ಅವಳು ಹೇಳಿದ್ದು ಇಷ್ಟು: ಕೆಂಚಪ್ಪ ಬದುಕಿರುವಷ್ಟು ಕಾಲ ಅವನು ಎಲ್ಲಿಂದ ಬಂದರೂ ಗಾಡಿ ಕೆರೆ ಏರಿಯ ಮೇಲೆ ತಿರುಗುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೆ ಅವಳು ಮುದ್ದೆ ಕಟ್ಟುತ್ತಿದ್ದಳು. ಅದಕ್ಕೆ ಮುಂಚೆ ಒಂದು ದಿನವೂ ಕಟ್ಟಿದವಳಲ್ಲ.

"ಅವರು ಹಾದಿ ತಪ್ಪಿಸ್ಕಂತಾರೆ ಅಂತಲ್ಲ ಕಣಪ್ಪ. ಆ ಸದ್ದಿಲ್ದೆ ಎಡೆಗೆ ಬಡ್ಸಕ್ಕೆ ನಂಗೇ ಕೈ ಬರಕಿಲ್ಲ."

ತಾಯಿ ತನಗೆಂದು ಏನನ್ನೂ ಕೇಳಿದ್ದು ರಂಗನಾಥನಿಗೆ ನೆನಪಿರಲಿಲ್ಲ. ಹೂಂ ಅಂದ. ಅಂದ ಗಳಿಗೆಯಲ್ಲೇ ಮೂಗಿನೊಳಗೆ ಆ ವಾಸನೆ ಎದ್ದಿತು.

ತಿಪಟೂರಿನ ಮೆಕ್ಯಾನಿಕ್ ಸೂರ್ಯಪ್ರಕಾಶನ ಬಳಿಗೆ ಲಗೇಜ್ ಆಟೋದಲ್ಲಿ ಗಾಡಿ ಹೋಯಿತು. ಅವನು ಟ್ಯಾಂಕಿನ ಮುಚ್ಚಳ ತೆಗೆದು, ಬಗ್ಗಿ ನೋಡಿ, ತಕ್ಷಣ ಮುಚ್ಚಿದ.

"ಸಾರ್, ಇದ್ರೊಳಗೆ ಯಾರಾದ್ರೂ ಸತ್ತವ್ರಾ?"

"ಕೊಬ್ರಿ ಎಣ್ಣೆ ಕಣಪ್ಪ."

"ಇದನ್ನ ಇಲ್ಲಿ ನಿಲ್ಸಿದ್ರೆ ಇನ್ನೊಬ್ಬ ಗಿರಾಕಿ ಅಂಗ್ಡಿ ಹತ್ರ ಬರಲ್ಲ. ಮನೇಲೇ ಬಿಚ್ಚಿ ತೊಳ್ಕಂಡು ಬನ್ನಿ, ಆಮೇಲ್ ನೋಡಾಣ."

ಅದೇ ಆಟೋದಲ್ಲಿ ಗಾಡಿ ವಾಪಸ್ಸು ಬಂತು. ಹೀಗೆ ರಂಗನಾಥ್, ಸೈಕಲ್ಲಿನ ಚೈನನ್ನೂ ಕೈಯಿಂದ ಮುಟ್ಟದೆ ಕಡ್ಡಿಯಿಂದ ಏರಿಸುತ್ತಿದ್ದವನು, ಮೆಕ್ಯಾನಿಕ್ಕಾದ.

ಸ್ಪ್ಯಾನರ್ ಸೆಟ್ಟು ಕೊಂಡ. ರಬ್ಬರಿನ ಕೈಗವಸು ಕೊಂಡ. ಮೂಗಿಗೆ ಕಟ್ಟುವ ಬಟ್ಟೆಯಲ್ಲಿ ಕರ್ಪೂರದ ಬಿಲ್ಲೆ ಇಟ್ಟು ಹೊಲಿಸಿಕೊಂಡ. ಮೊಬೈಲಿನಲ್ಲಿ ಯಾರೋ ಬಿಚ್ಚಿ ಜೋಡಿಸುವ ವಿಡಿಯೋಗಳನ್ನು ನೋಡಿ ನೋಡಿ, ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಒಂದಿಷ್ಟು, ಭಾನುವಾರ ಇಡೀ ದಿನ, ಕೊಟ್ಟಿಗೆಯಲ್ಲಿ ಕೂತ. ಪ್ರತಿ ಸಲವೂ ಎದ್ದ ಮೇಲೆ ಸ್ನಾನ. ಹೆಂಡತಿ ನಿರ್ಮಲಾ ಹಂಡೆಗೆ ನೀರು ಸೇದಿ ಸೇದಿ ಸಾಕಾಗಿ, "ಗಾಡಿ ಜೊತೆ ನೀವೂ ಒಂದಪ ಬಿಚ್ಚಿ ತೊಳ್ದು ಜೋಡ್ಸ್ಕಂಡ್ಬುಡಿ, ದಿನಾ ಈ ಕಾಟ ತಪ್ತದೆ" ಅಂದಳು.

ಮೊದಲು ಕೈ ಹಾಕಿದ್ದು ಸೀಟಿಗೆ. ಅದರ ಮೇಲೆ ಕೋಳಿಗಳು ವರ್ಷಗಳಿಂದ ಮಲಗಿದ್ದವು. ಹಿಕ್ಕೆ ಪದರ ಪದರವಾಗಿ ಒಣಗಿ ಸಿಮೆಂಟಿನಂತಾಗಿತ್ತು. ಅದನ್ನು ಕೆರೆದು ಸೀಟು ಎತ್ತಿದರೆ ಕೆಳಗೆ ಇಲಿಗೂಡು. ನಾರು, ಹರಿದ ಬಟ್ಟೆ, ಅಪ್ಪನ ಹಳೆಯ ಬೀಡಿಕಟ್ಟಿನ ಕಾಗದ, ನಡುವೆ ಕಣ್ಣು ತೆರೆಯದ ಮರಿಗಳು, ಚರ್ಮ ಸುಲಿದ ಬೆರಳಿನಂತೆ ಕೆಂಪಗೆ ಮಿಸುಕುತ್ತಿದ್ದವು. ರಂಗನಾಥ್ ಸೀಟನ್ನು ಹಾಗೆಯೇ ಮುಚ್ಚಿ ಹೊರಗೆ ಬಂದು ತೆಂಗಿನ ಮರ ಹಿಡಿದುಕೊಂಡು ನಿಂತ. ಗಂಗಾಧರನೇ ಬಂದು ಗೂಡನ್ನು ಮೊರದಲ್ಲಿ ಎತ್ತಿ ಬೇಲಿಯಾಚೆ ಬಿಟ್ಟ.

"ಅಣ್ಣ, ನಿಂಗ್ಯಾಕೆ ಬೇಕು ಈ ಕರ್ಮ? ಗುಜ್ರಿಯೋನು ಇನ್ನೂ ಕೇಳ್ತಾವ್ನೆ."

"ಅಮಾಸೆ ತಂಕ ಬುಡ್ಲಾ."

"ಅಮಾಸೆ ಮಾರ್ನೇ ದಿವ್ಸ ಇದು ಇಲ್ಲಿರಬಾರ್ದು. ಓಡಿದ್ರೆ ಓಡಿಸ್ಕಂಡ್ ಹೋಗು, ಇಲ್ದಿದ್ರೆ ನಾನು ದಬ್ತೀನಿ."

ಎಂಜಿನ್ನಿಗೆ ಗಾಳಿ ಹೋಗುವ ಡಬ್ಬಿ ಬಿಚ್ಚಿದಾಗ ಒಳಗೊಂದು ಸತ್ತ ಇಲಿ ಇತ್ತು. ಬಹಳ ದಿನದ್ದು, ಚಪ್ಪಟೆಯಾಗಿ, ಬಾಲ ಮಾತ್ರ ಗುಂಡಗೆ ಉಳಿದು, ಜರಡಿಗೆ ಅಂಟಿಕೊಂಡಿತ್ತು. ಎಂಜಿನ್ನಿನ ತಲೆ ಬಿಚ್ಚಿದರೆ ಒಳಗೆಲ್ಲ ಕಂದು ಬಣ್ಣದ ಜಿಗಟು. ಕೊಬ್ಬರಿ ಎಣ್ಣೆ ಸುಟ್ಟು, ಆರಿ, ಮತ್ತೆ ಸುಟ್ಟು, ಹಲಸಿನ ಮೇಣದ ಹಾಗಾಗಿ ಪಿಸ್ಟನ್ನನ್ನು ಹಿಡಿದುಕೊಂಡಿತ್ತು. ಕೈಗವಸು ಅದಕ್ಕೆ ಅಂಟಿ ಹರಿಯಿತು. ಹರಿದ ಜಾಗದಿಂದ ಒಳಗೆ ನುಗ್ಗಿದ ಜಿಗಟು ಉಗುರಿನ ಸಂದಿಗೆ ಸೇರಿಕೊಂಡು, ನಿಂಬೆಹಣ್ಣು, ಸೀಗೆಪುಡಿ, ಬಟ್ಟೆ ಸೋಪು ಯಾವುದಕ್ಕೂ ಜಗ್ಗಲಿಲ್ಲ. ಆ ವಾರ ಅವನು ಚಮಚದಲ್ಲಿ ಮುದ್ದೆ ತಿಂದ. ಚಿಕ್ಕಗೌರಮ್ಮ ನೋಡಿ ಮುಖ ಆಚೆ ತಿರುಗಿಸಿದಳು. ಅವಳಿಗೆ ಹೇಸಿಗೆಯಾಗುತ್ತಿದ್ದುದು ಚಮಚದಲ್ಲಿ ಮುದ್ದೆ ತಿನ್ನುವವರನ್ನು ಕಂಡರೆ.

ಡೀಸೆಲ್ ಹುಯ್ದು ನೆನೆಹಾಕಿದ. ಟ್ಯಾಂಕಿಗೆ ಬಿಸಿನೀರು, ಸೋಡ, ಒಂದು ಹಿಡಿ ಜಲ್ಲಿ ಹಾಕಿ ಕುಲುಕಿದ. ಒಳಗಿಂದ ಸುರಿದದ್ದು ಹಳೇ ಗಾಯದ ಕೀವಿನ ಬಣ್ಣದಲ್ಲಿತ್ತು. ಸೈಲೆನ್ಸರ್ ಪೂರ್ತಿ ಕಟ್ಟಿಕೊಂಡಿತ್ತು. ವಿಡಿಯೋದಲ್ಲಿ ಹೇಳಿದಂತೆ ಅದನ್ನು ಬೆಂಕಿಗೆ ಹಾಕಬೇಕು. ಒಂದು ಭಾನುವಾರ ಅಂಗಳದಲ್ಲಿ ಮಟ್ಟೆ ಒಟ್ಟಿ, ನಡುವೆ ಸೈಲೆನ್ಸರ್ ಇಟ್ಟು ಹಚ್ಚಿದ. ಕರಿಹೊಗೆ ಮರಗಳ ನೆತ್ತಿಗೆ ಏರಿ ಅಲ್ಲೇ ಹರಡಿ ಕೂತಿತು. ಪಕ್ಕದ ಮನೆಯ ತಿಮ್ಮಕ್ಕ ಒಣಹಾಕಿದ ಸೀರೆಗಳನ್ನು ಬಾಚಿಕೊಳ್ಳುತ್ತ ಬೇಲಿಯ ಬಳಿ ಬಂದಳು.

"ಏನ್ ರಂಗಣ್ಣ, ಎಮ್ಮೆ ಸುಡ್ತಿದೀಯೋ?"

"ಅಪ್ಪನ ಗಾಡಿ ಕಣಕ್ಕ."

"ಹಂಗನ್ನು ಮತ್ತೆ. ಬದ್ಕಿದ್ದಾಗ್ಲೂ ಹಿಂಗೇ ಬಟ್ಟೆ ಕೆಡುಸ್ತಿದ್ದ ಮಾರಾಯ."

ರಂಗನಾಥ್ ಕೋಲಿನಿಂದ ಸೈಲೆನ್ಸರನ್ನು ಹೊರಳಿಸಿದ. ಅದರ ಬಾಯಿಂದ ಕಪ್ಪು ಜೊಲ್ಲು ಇಳಿಯುತ್ತಿತ್ತು. ಈ ಜೊಲ್ಲನ್ನೇ ಅಪ್ಪ ಇಷ್ಟು ವರ್ಷ ಊರೆಲ್ಲ ಚೆಲ್ಲಾಡಿಕೊಂಡು ತಿರುಗಿದ್ದು, ಅದನ್ನೇ ಮೈಗೆ ಹಚ್ಚಿಕೊಂಡು ಬಂದು ನಮ್ಮ ಪಕ್ಕ ಮಲಗಿದ್ದು ಅನ್ನಿಸಿ ಅವನಿಗೆ ಸಿಟ್ಟು ಬಂತು. ಸತ್ತವನ ಮೇಲೆ ಹೇಸಿಕೊಳ್ಳುವುದು ತಪ್ಪೆಂದು ಅವನಿಗೆ ತಿಳಿಯುತ್ತದೆ. ಆದರೆ ಹೇಸಿಗೆ ಕೇಳಿಕೊಂಡು ಬರುವುದಿಲ್ಲ. ಅದು ಹೊಟ್ಟೆಯಲ್ಲಿ ಹುಟ್ಟಿ ಗಂಟಲಿಗೆ ಬಂದ ಮೇಲೆಯೇ ಬುದ್ಧಿಗೆ ಸುದ್ದಿ ಮುಟ್ಟುವುದು.

ಗಣಪತಿಯನ್ನು ನೀರಿಗೆ ಬಿಟ್ಟು ಕೆಲವು ದಿನಗಳಾಗಿದ್ದವು. ಎಲ್ಲವನ್ನೂ ತೊಳೆದು, ಬಿಸಿಲಿಗಿಟ್ಟು, ಜೋಡಿಸಿ, ಬಂಕಿನ ಎಣ್ಣೆಯನ್ನು ಅಳತೆಯಂತೆ ಪೆಟ್ರೋಲಿಗೆ ಬೆರೆಸಿ ಒಂದು ಮಧ್ಯಾಹ್ನ ಕಿಕ್ ಹೊಡೆದ. ಹೊಡೆದ, ಹೊಡೆದ, ಕಾಲು ಸೋತು ನಿಂತ, ಮತ್ತೆ ಹೊಡೆದ. ಗಾಡಿ ಒಮ್ಮೆ ಸೀನಿದಂತೆ ಮಾಡಿ ಹತ್ತಿಕೊಂಡಿತು. ಡಬಡಬ ಸದ್ದಿಗೆ ಕೋಳಿಗಳು ಹಾರಿದವು. ಚಿಕ್ಕಗೌರಮ್ಮ ಅಡುಗೆಮನೆಯಿಂದ ಒದ್ದೆಗೈಯಲ್ಲೇ ಓಡಿಬಂದಳು. ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಮೂಗನ್ನು ಸ್ವಲ್ಪ ಎತ್ತಿ ಗಾಳಿ ಎಳೆದುಕೊಂಡಳು.

"ಸದ್ದು ಅವರ್ದೇಯ. ವಾಸ್ನೆ ಇಲ್ವಲ್ಲಪ್ಪ."

"ವಾಸ್ನೆ ಹೋಗ್ಲಿ ಅಂತ್ಲೇ ಅಲ್ವೇನವ್ವ ನಾನು ಇಷ್ಟ್ ದಿನ ಒದ್ದಾಡಿದ್ದು."

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು. ರಂಗನಾಥ್ ಆ ಸಂಜೆ ಗಾಡಿಯನ್ನು ಹೊಳೆಯುವ ಹಾಗೆ ಒರೆಸಿದ. ಅದರ ಪಕ್ಕ ಕೂತು ಮೊದಲ ಸಲ ಮೂಗಿನ ಬಟ್ಟೆ ಬಿಚ್ಚಿ ಕಾಫಿ ಕುಡಿದ.

ಮೂರೋ ನಾಕೋ ದಿನ ಕಳೆದು ಬೆಳಗ್ಗೆ ಕಿಕ್ ಹೊಡೆದರೆ ಗಾಡಿ ಉಸಿರೆತ್ತಲಿಲ್ಲ. ಪೆಟ್ರೋಲ್ ಇಳಿಯುವ ಪೈಪು ಬಿಚ್ಚಿ ನೋಡಿದ. ಒಳಗೆ ಬೆಳ್ಳಗೆ, ತುಪ್ಪದಂತೆ ಹೆಪ್ಪುಗಟ್ಟಿದ ಎಣ್ಣೆ. ಮೂಸಿದ. ಕೊಬ್ಬರಿ ಎಣ್ಣೆ, ಅದೂ ಹಳೆಯದು. ಮಧ್ಯಾಹ್ನದ ಬಿಸಿಲಿಗೆ ಅದು ಕರಗಿತು, ಗಾಡಿ ಹತ್ತಿತು, ಬಾಣಲೆಯ ವಾಸನೆ ಮತ್ತೆ ಅಂಗಳಕ್ಕೆ ಬಂತು. ತಾನು ಸರಿಯಾಗಿ ತೊಳೆದಿರಲಿಲ್ಲವೇನೋ ಎಂದುಕೊಂಡು ಟ್ಯಾಂಕು ಬಿಚ್ಚಿ ಪುನಃ ತೊಳೆದ. ಟ್ಯಾಂಕಿನ ತಳದಲ್ಲಿ ಕಸ ತಡೆಯುವ ಜಾಲರಿ ಮೊದಲೇ ಶಿಥಿಲವಾಗಿತ್ತು. ಈ ಸಲ ತೊಳೆಯುವಾಗ ಕಿತ್ತು ಕೈಗೆ ಬಂತು. ಹೊಸದು ಎಲ್ಲೂ ಸಿಗಲಿಲ್ಲ. ಅದಿಲ್ಲದೆಯೇ ಜೋಡಿಸಿದ. ಮುಂದಿನ ವಾರ ಬೆಳಗ್ಗೆ ನೋಡಿದರೆ ಮತ್ತೆ ಅದೇ ಬಿಳಿ ಹೆಪ್ಪು.

ಯಾರೋ ಹುಯ್ಯುತ್ತಿದ್ದಾರೆ. ಅದು ಖಚಿತವಾದ ಮೇಲೆ ಯಾರೆಂದು ಊಹಿಸಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಅಂಗಡಿಗೆ ಹೋಗದೆ ನೇರ ತೋಟಕ್ಕೆ ಹೋದ. ಗಂಗಾಧರ ಕಾಯಿ ಸುಲಿಯುತ್ತಿದ್ದ.

"ಲೇ ಗಂಗಾ, ಗಾಡಿಗೆ ಎಣ್ಣೆ ಹುಯ್ತಾ ಇರೋದು ನೀನೇ ಏನ್ಲಾ?"

ಗಂಗಾಧರ ಕಾಯಿಯನ್ನು ಕೈಯಲ್ಲೇ ಹಿಡಿದು ನೋಡಿದ. "ನನ್ ತಲೆಗೇ ಎಣ್ಣೆ ಹಾಕಣಾಂದ್ರೆ ಕೂದ್ಲಿಲ್ಲ. ಗಾಡಿಗ್ ಹುಯ್ಲಾ?"

"ಆಟ ಆಡ್ಬೇಡ. ಕೊಟ್ಟಿಗೆ ಖಾಲಿ ಆಗ್ಬೇಕು ನಿಂಗೆ. ಅಮಾಸೆ ದಿವ್ಸ ಅದು ಹತ್ಬಾರ್ದು, ಅಷ್ಟೇ ತಾನೆ?"

"ಅಣ್ಣ, ನಂಗ್ ಜಾಗ ಬೇಕಂದ್ರೆ ಎದುರಿಗೇ ಎತ್ತಿ ಬೀದಿಗ್ ಹಾಕ್ತೀನಿ. ಕದ್ದು ಎಣ್ಣೆ ಹುಯ್ಯೋ ಬುದ್ಧಿ ನಂದಲ್ಲ."

"ಮತ್ಯಾರ್ದು? ಇಂಥ ಗಲೀಜು ಕೆಲ್ಸ ಇನ್ಯಾರ್ ಮಾಡ್ತಾರೆ?"

"ಗಲೀಜು ನಿನ್ ಕಣ್ಣಲ್ಲೈತೆ. ಅಪ್ಪ ಗಲೀಜು, ಗಾಡಿ ಗಲೀಜು, ಈಗ ನಾನು. ಹೋಗು, ಕೈ ತೊಳ್ಕ ಹೋಗು. ನನ್ ಜೊತೆ ಮಾತಾಡಿದೀಯ."

ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ತಾಯಿ ಕೇಳಿದರೆ ಇಬ್ಬರೂ ಏನೂ ಇಲ್ಲ ಎಂದರು. ಬೈಕಿನ ಟ್ಯಾಂಕಿಗೆ ಬೀಗವಿರಲಿಲ್ಲ. ರಂಗನಾಥ್ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರು ಕಟ್ಟಿದ. ಕಟ್ಟುವಾಗ ತಮ್ಮನ ಮುಖ ನೆನೆದು ಅವನಿಗಾದದ್ದೂ ಹೇಸಿಗೆಯೇ. ಇದು ತೊಳೆದರೆ ಹೋಗುವಂಥದ್ದಾಗಿರಲಿಲ್ಲ.

ಅಮಾವಾಸ್ಯೆಯ ದಿನ ಬೆಳಗಿನಿಂದಲೇ ಮೋಡ ಕವಿದು ಸಣ್ಣಗೆ ತುಂತುರು. ಬಿಸಿಲಿನ ಸುಳಿವಿಲ್ಲ, ಅಡುಗೆಮನೆಯ ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗಿ ನಿಂತಿತ್ತು. ನಿರ್ಮಲಾ ಕೋಳಿಸಾರು, ಕಜ್ಜಾಯ, ವಡೆ ಎಲ್ಲ ಮಾಡಿ ಮುಗಿಸಿದ್ದಳು. ನಡುಮನೆಯ ಗೋಡೆಗೆ ಕೆಂಚಪ್ಪನ ಪಟ, ಅದರ ಮುಂದೆ ಹೊಸ ಪಂಚೆ, ಅಂಗಿ, ಬೀಡಿಕಟ್ಟು, ಬೆಂಕಿಪೊಟ್ಟಣ. ಎಲೆ ಹಾಸಿತ್ತು. ಬಡಿಸುವುದಷ್ಟೇ ಬಾಕಿ. ಬಡಿಸಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಜಗಲಿಯಲ್ಲಿ ಕೂರಬೇಕು, ಒಳಗೆ ಹಿರಿಯರು ಉಂಡು ಹೋಗಲು ಬಿಡಬೇಕು. ಚಿಕ್ಕಗೌರಮ್ಮ ಮುದ್ದೆಯ ಹಿಟ್ಟು ತಿರುವಿ ಇಳಿಸಿ, ಕಟ್ಟದೆ, ಒಲೆಯ ಪಕ್ಕ ಕಾಯುತ್ತಿದ್ದಳು. ಗಂಗಾಧರನೂ ಹೆಂಡತಿಯೊಡನೆ ಬಂದು, ಬಿಳಿ ಪಂಚೆ ಉಟ್ಟು, ಅಣ್ಣನ ಕಡೆ ನೋಡದೆ ಜಗಲಿಯ ಕೊನೆಯಲ್ಲಿ ಕುಳಿತಿದ್ದ.

ರಂಗನಾಥ್ ಪ್ಲಾಸ್ಟಿಕ್ ಬಿಚ್ಚಿ ಕಿಕ್ ಹೊಡೆದ. ಗಾಡಿ ಹತ್ತಲಿಲ್ಲ.

ಮತ್ತೆ ಮತ್ತೆ ಹೊಡೆದ. ಆಮೇಲೆ ಕೂತು, ಪೆಟ್ರೋಲು ಗಾಳಿ ಬೆರೆಯುವ ಕಾರ್ಬೊರೇಟರ್ ಬಿಚ್ಚಿದ. ಅದರ ತಳದ ಬಟ್ಟಲಿನಲ್ಲಿ ಬಿಳಿ ಹೆಪ್ಪು. ಅದರೊಳಗೆ ಇರುವೆಗಳು, ಒಂದು ಚಿಟ್ಟೆಯ ರೆಕ್ಕೆಯ ಚೂರು. ಪೆಟ್ರೋಲು ಚಿಮ್ಮುವ ಸೂಜಿಮೊನೆಯಷ್ಟು ತೂತಿಗೆ ಕಪ್ಪಗೆ ಏನೋ ಸಿಕ್ಕಿಕೊಂಡಿತ್ತು. ಉಗುರಿನಿಂದ ಮೀಟಿದ. ಅರ್ಧ ಬಂತು. ಬೆರಳ ಮೇಲಿಟ್ಟುಕೊಂಡು ನೋಡಿದ. ಸುಟ್ಟ ಹತ್ತಿ.

ಬತ್ತಿಯ ಕುಡಿ.

ಅವನು ತಲೆ ಎತ್ತಿದ. ತೆರೆದ ಬಾಗಿಲಿನ ಆಚೆ, ಪಟದ ಮುಂದೆ, ತಾಯಿ ಹಿತ್ತಾಳೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ಅವ್ವ, ದೀಪದಲ್ಲಿ ಉಳ್ದಿದ್ ಎಣ್ಣೆ ಎಲ್ಲಿಗ್ ಹುಯ್ತೀಯ?"

"ಗಾಡಿಗೆ," ಅಂದಳು ಚಿಕ್ಕಗೌರಮ್ಮ, ದೀಪದಿಂದ ಕಣ್ಣು ತೆಗೆಯದೆ. "ದೇವ್ರ್ ದೀಪದ್ದು, ತುಳ್ಯೋ ಜಾಗಕ್ ಚೆಲ್ಲಂಗಿಲ್ವಲ್ಲ. ಮೊದ್ಲು ಬಾಗ್ಲು ಕಿರ್ ಅನ್ದಂಗೆ ತಿರ್ಗಣಿಗೆ ಬುಡ್ತಿದ್ದೆ. ನೀನು ಗಾಡಿ ತೊಳ್ದು ಅವರ್ ವಾಸ್ನೇನೇ ತೆಗ್ದ್ಬುಟ್ಟೆ. ಬರೀ ಸದ್ದು ಕೇಳಿ, ಇದ್ಯಾರ್ದೋ ಗಾಡಿ ಅಂತ ಅವರು ಹೊಂಟೋದ್ರೆ? ಅದಕ್ಕೇ ದಿನಾ ಒಂದೀಟು ಹುಯ್ದೆ."

"ಕವರ್ ಕಟ್ಟಿದ್ನಲ್ಲವ್ವ."

"ಬಿಚ್ಚಿ ಹುಯ್ದು ಹಂಗೇ ಕಟ್ತಿದ್ದೆ. ಮಳೆ ನೀರ್ ಬೀಳ್ದೇ ಇರ್ಲಿ ಅಂತ ಕಟ್ಟಿದೀಯ ಅನ್ಕಂಡೆ."

ಜಗಲಿಯ ಕೊನೆಯಿಂದ ಗಂಗಾಧರ ಎಲ್ಲರಿಗೂ ಕೇಳುವಂತೆ ಅಂದ: "ಗಲೀಜು ಕೆಲ್ಸ ಮಾಡಿದ್ ಕಳ್ಳ ಸಿಕ್ಕುದ್ನಾ ಅಣ್ಣ?"

ತಾನು ತೋಟದಲ್ಲಿ ಆಡಿದ ಮಾತು ಆ ಬಿಳಿ ಹೆಪ್ಪಿಗಿಂತ ಕಡೆಯಾಗಿ ರಂಗನಾಥನಿಗೇ ಕಂಡಿತು. ತೂತಿನಲ್ಲಿ ಇನ್ನೂ ಅರ್ಧ ಬತ್ತಿ ಇತ್ತು. ತಂತಿ ತೂರಿಸಲು ನೋಡಿದ, ತಂತಿ ದಪ್ಪ. ನಿರ್ಮಲಾ ತಂದ ಸೂಜಿ ಬತ್ತಿಯನ್ನು ಇನ್ನೂ ಒಳಕ್ಕೆ ತಳ್ಳಿತು. ಸೈಕಲ್ ಪಂಪಿನ ಗಾಳಿ ಪಕ್ಕದಿಂದ ಸೋರಿತು. ಒಳಗೆ ತಾಯಿ ಒಲೆಯ ಬಳಿ ಹೋಗಿ, ಆರುತ್ತಿದ್ದ ಹಿಟ್ಟಿನ ಮೇಲೆ ತಟ್ಟೆ ಮುಚ್ಚಿದ ಸದ್ದು ಕೇಳಿತು.

ಉಳಿದದ್ದು ಒಂದೇ ದಾರಿ. ಅದು ಯಾವುದೆಂದು ಅವನಿಗೆ ಚಿಕ್ಕಂದಿನಿಂದಲೂ ಗೊತ್ತಿತ್ತು.

ಎಡಜೇಬಿನ ಕರವಸ್ತ್ರದಿಂದ ಆ ಭಾಗವನ್ನು ಒರೆಸಿದ. ಸಾಲಲಿಲ್ಲ. ಬಲಜೇಬಿನದನ್ನು ತೆಗೆದ, ಮುಖದ್ದನ್ನು, ಅದರಲ್ಲೂ ಒರೆಸಿದ. ಮೂಗಿನ ಬಟ್ಟೆಯನ್ನು ಕೆಳಗೆ ಜಾರಿಸಿದ. ಮೊದಲು ಊದಿದ, ಬತ್ತಿ ಅಲುಗಲಿಲ್ಲ. ಆಮೇಲೆ ಕಣ್ಣು ಮುಚ್ಚಿ ಬಾಯಿಟ್ಟು ಎಳೆದ.

ಬಂತು. ಬತ್ತಿ, ಹೆಪ್ಪು, ಪೆಟ್ರೋಲು, ಎಲ್ಲ ಒಟ್ಟಿಗೆ ನಾಲಿಗೆಯ ಮೇಲೆ. ಒಂದು ವರ್ಷ ಅಟ್ಟದಲ್ಲಿ ಕೊಳೆತದ್ದು ಬಾಯೊಳಗೇ ಒಡೆದಂತಿತ್ತು. ಪಿಚಕ್ಕೆಂದು ಉಗಿದ.

ಗಂಗಾಧರ ತಟ್ಟನೆ ಈ ಕಡೆ ನೋಡಿದ. ಆ ಸದ್ದು ಅವನಿಗೂ ಗೊತ್ತಿತ್ತು. ಎದ್ದು ಬಂದ, ಪಂಚೆ ಎತ್ತಿ ಕಟ್ಟಿಕೊಂಡ.

"ಜೋಡ್ಸು. ಕಿಕ್ ಹೊಡಿಬ್ಯಾಡ, ಗೇರಿಗ್ ಹಾಕ್ಕಂಡ್ ಕೂತ್ಕ. ನಾನು ತಳ್ತೀನಿ."

ರಂಗನಾಥ್ ಜೋಡಿಸಿ ಹತ್ತಿ ಕುಳಿತ. ತಮ್ಮ ಹಿಂದಿನಿಂದ ತಳ್ಳಿಕೊಂಡು ಓಡಿದ. ಬೀದಿಯ ತಿರುವಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಗಾಡಿ ಎರಡು ಸಲ ಕುಪ್ಪಳಿಸಿ ಹತ್ತಿಕೊಂಡಿತು. ಬಿಳಿ ಹೊಗೆ ಬುಸ್ಸೆಂದು ಗಂಗಾಧರನ ಮುಖಕ್ಕೂ ಬಿಳಿ ಪಂಚೆಗೂ ಹೊಡೆಯಿತು.

"ಹೋಗು, ಏರಿ ತಂಕ ಹೋಗಿ ಬಾ. ಅವ್ವಂಗೆ ಅಲ್ಲಿಂದ ಕೇಳ್ಬೇಕು," ಎಂದು ಕೆಮ್ಮುತ್ತ ಕೂಗಿದ.

ಕೆರೆ ಏರಿಯ ತುದಿಯಲ್ಲಿ ರಂಗನಾಥ್ ಗಾಡಿಯನ್ನು ಆರಲು ಬಿಡದೆ ನಿಲ್ಲಿಸಿ, ಬಗ್ಗಿ, ಬೆಳಗಿನ ಕಾಫಿಯನ್ನು ಪೂರ್ತಿ ಹೊರಗೆ ಹಾಕಿದ. ಬಾಯಿ ಮುಕ್ಕಳಿಸೋಣವೆಂದರೆ ಕೆರೆಯ ನೀರಿನ ಮೇಲೆ ಹಸಿರು ಪಾಚಿ, ಯಾರೋ ಎಸೆದ ಕೋಳಿಪುಕ್ಕ. ಜೇಬಿನ ಎರಡು ಕರವಸ್ತ್ರಗಳೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಅಂಗಿಯ ತೋಳಿನಲ್ಲಿ ಬಾಯಿ ಒರೆಸಿಕೊಂಡು ಗಾಡಿ ತಿರುಗಿಸಿದ. ಹೊಗೆ ಅವನ ಹಿಂದೆಯೇ ಬಂತು.

ಮನೆಯ ಬಾಗಿಲು ಮುಂದೆ ಮಾಡಿತ್ತು. ಏರಿಯ ಮೇಲೆ ಸದ್ದು ತಿರುಗಿದಾಗ ಚಿಕ್ಕಗೌರಮ್ಮ ಮುದ್ದೆ ಕಟ್ಟಿ, ಬಡಿಸಿ, ಹೊರಗೆ ಬಂದು ಕುಳಿತಿದ್ದಳು. ಗಾಡಿ ಅಂಗಳಕ್ಕೆ ಬಂದದ್ದೇ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗಾಡಿಯ ಮೇಲೆ ಇದ್ದವನನ್ನು ಅವಳು ನೋಡಲಿಲ್ಲ; ಕಣ್ಣು ನೆಲದ ಮೇಲಿತ್ತು. ಹೊಗೆ ಜಗಲಿಗೆ ಏರಿ, ಬಾಗಿಲ ಸಂದಿಯಿಂದ ಒಳಗೆ ಹೋಗುತ್ತಿತ್ತು.

"ಕೈಕಾಲ್ ತೊಳ್ಕಂಡ್ ಬನ್ನಿ," ಅಂದಳು. "ಮುದ್ದೆ ಆರೋಗ್ತದೆ."

ಬನ್ನಿ ಎಂದು ಅವಳು ಮಕ್ಕಳನ್ನು ಎಂದೂ ಕರೆದವಳಲ್ಲ. ನಿರ್ಮಲಾ ಗಂಡನ ಮುಖ ನೋಡಿದಳು. ರಂಗನಾಥನಿಗೆ ಓ ಎನ್ನಬೇಕೋ ಬೇಡವೋ ತಿಳಿಯಲಿಲ್ಲ. ಗಾಡಿ ಆರಿಸಿ, ಬಚ್ಚಲ ಕಲ್ಲಿನ ಬಳಿ ಹೋಗಿ ಕೈಕಾಲು ತೊಳೆದ. ಸೋಪು ಹಚ್ಚಿ ತೊಳೆದ, ಮತ್ತೆ ಹಚ್ಚಿ ತೊಳೆದ. ವಾಸನೆ ಹೋಗಲಿಲ್ಲ. ಪಕ್ಕದಲ್ಲಿ ಗಂಗಾಧರ ಬಂದು ಮುಖ ಒಡ್ಡಿದ. ರಂಗನಾಥ್ ಚೊಂಬಿನಿಂದ ಅವನಿಗೆ ನೀರು ಹುಯ್ದ.

"ಅವತ್ತು ತೋಟದಲ್ಲಿ..." ಅಂದ.

"ಬುಡಣ್ಣ. ಪಂಚೆ ನೋಡು, ಇದನ್ನ ನೀನೇ ಒಗೀಬೇಕು."

ಬಾಗಿಲು ತಟ್ಟಿ ತೆಗೆದರು. ಒಳಗೆ ದೀಪದ ಸುತ್ತ ಹೊಗೆ ತೆಳ್ಳಗೆ ನಿಂತಿತ್ತು. ಕೋಳಿಸಾರಿನ ಘಮ ಎಲ್ಲೂ ಇರಲಿಲ್ಲ.

"ಎಡೆಯೆಲ್ಲ ಗಾಡಿ ವಾಸ್ನೆ ಆಗೋಗೈತಲ್ಲ ಅತ್ತೆ," ಅಂದಳು ನಿರ್ಮಲಾ.

"ಆಗ್ದೆ ಏನ್ ಮಾಡ್ತದೆ? ಬಂದಿದ್ರಲ್ಲ," ಅಂದಳು ಚಿಕ್ಕಗೌರಮ್ಮ.

ಎಡೆಯಿಂದ ಒಂದೊಂದು ತುತ್ತನ್ನು ಎಲ್ಲರಿಗೂ ಕೊಟ್ಟಳು. ರಂಗನಾಥನ ಅಂಗೈಗೆ ಬಿದ್ದದ್ದು ಮುದ್ದೆಯ ಒಂದು ತುಂಡು, ಸಾರಿನಲ್ಲಿ ಅದ್ದಿದ್ದು. ಅದಕ್ಕೂ ಅದೇ ಕಮಟು. ಎಮ್ಮೆ ದೂರದಲ್ಲಿತ್ತು, ತಾಯಿ ಎದುರಿಗಿದ್ದಳು. ಬಾಯಿಗೆ ಹಾಕಿಕೊಂಡು ಅಗಿಯದೆ ನುಂಗಿದ. ಅದು ಇಳಿಯುವ ತನಕ ಗೋಡೆ ಹಿಡಿದುಕೊಂಡು ನಿಂತಿದ್ದ.

ಗಾಡಿ ಈಗಲೂ ಕೊಟ್ಟಿಗೆಯಲ್ಲಿದೆ. ಮಟ್ಟೆ ಒಟ್ಟುವಾಗ ಗಂಗಾಧರ ಅದರಷ್ಟು ಜಾಗ ಬಿಟ್ಟು ಒಟ್ಟುತ್ತಾನೆ. ದೇವರ ಮನೆಯ ಹೊರಗೆ ರಂಗನಾಥ್ ಒಂದು ಡಬ್ಬಿ ಇಟ್ಟಿದ್ದಾನೆ. ದೀಪದಲ್ಲಿ ಉಳಿದ ಎಣ್ಣೆ ಅದಕ್ಕೆ ಬೀಳುತ್ತದೆ. ಭಾನುವಾರ ಅವನು ಕೈಗವಸು ತೊಟ್ಟು, ಮೂಗಿಗೆ ಕರ್ಪೂರದ ಬಟ್ಟೆ ಕಟ್ಟಿಕೊಂಡು, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಅದನ್ನು ಮೂರು ಮಡಿಕೆಯ ಬಟ್ಟೆಯಲ್ಲಿ ಸೋಸುತ್ತಾನೆ. ಇರುವೆ, ರೆಕ್ಕೆ, ಬತ್ತಿಯ ಕರಿ ಬಟ್ಟೆಯ ಮೇಲೆ ಉಳಿಯುತ್ತವೆ. ಸೋಸಿದ್ದರಲ್ಲಿ ಒಂದು ಮುಚ್ಚಳದಷ್ಟನ್ನು, ಹೆಪ್ಪುಗಟ್ಟದಂತೆ ಪೆಟ್ರೋಲಿನಲ್ಲಿ ಚೆನ್ನಾಗಿ ಕದಡಿ, ಟ್ಯಾಂಕಿಗೆ ಹುಯ್ಯುತ್ತಾನೆ. ಆಮೇಲೆ ಸ್ನಾನ ಮಾಡುತ್ತಾನೆ.